ದುಡಿದ ಸಂಬಳಕ್ಕೂ ವಾಯಿದೆ ಉಂಟು

ನಮ್ಮ ಶಾಲೆಯಲ್ಲಿ ಓದುವ ಹುಡುಗನೊಬ್ಬನ ತಂದೆ ಒಂದು ಸಂಜೆ ನಮ್ಮ ಮನೆಗೆ ಬಂದರು. ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಫಿಟ್ಟರ್ ಕೆಲಸ ಮಾಡಿದವರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ. ಅದರ ತುಂಬ ಕಾಗದ. "ಮೇಷ್ಟ್ರೇ, ಒಂದು ಅರ್ಜಿ ಬರೆದುಕೊಡಬೇಕು. ಓದಿದವರ ಮನಸ್ಸು ಕರಗೋ ಹಾಗೆ ಬರೀರಿ" ಎಂದರು. ಹನ್ನೊಂದು ತಿಂಗಳ ಸಂಬಳ ಬಾಕಿ. ಕಾರ್ಖಾನೆಗೆ ಬೀಗ ಬಿದ್ದಿದೆ. ಕಂಪೆನಿ ದಿವಾಳಿಯೆಂದು ನ್ಯಾಯಮಂಡಳಿ ಪ್ರಕರಣವನ್ನು ಅಂಗೀಕರಿಸಿ ಅರುವತ್ತೆರಡು ದಿನಗಳಾಗಿವೆ. "ಇಷ್ಟು ದಿನ ಏಕೆ ಸುಮ್ಮನಿದ್ದಿರಿ?" ಎಂದು ಕೇಳಿದೆ. "ಯಜಮಾನರು ಒಳ್ಳೆಯವರು ಸ್ವಾಮಿ. ಯುಗಾದಿಗೆ ಕೊಡ್ತೀನಿ ಅಂದರು, ಆಮೇಲೆ ದೀಪಾವಳಿಗೆ ಅಂದರು" ಎಂದರು.

ಮನಸ್ಸು ಕರಗಿಸುವಂತೆ ಬರೆಯುವುದು ಕನ್ನಡ ಪಂಡಿತನಿಗೆ ಕಷ್ಟವಲ್ಲ. ಆದರೆ ಆ ಕಾಗದಗಳನ್ನು ತಿರುವಿಹಾಕಿದಾಗ ಒಂದು ಮಾತು ನನಗೆ ಸ್ಪಷ್ಟವಾಯಿತು. ಈ ವಿಷಯದಲ್ಲಿ ಕಾಯಿದೆ ಮೊದಲು ನೋಡುವುದು ದಿನಾಂಕವನ್ನು. ಯಾರ ಮೇಲೆ ಕೇಳುತ್ತೀರಿ, ಎಷ್ಟು ದಿನದೊಳಗೆ ಕೇಳುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರವಿಲ್ಲದಿದ್ದರೆ, ಎಂಥ ಶೈಲಿಯಲ್ಲಿ ಬರೆದ ಅರ್ಜಿಯೂ ವ್ಯರ್ಥ. ವಕೀಲರಲ್ಲದ ನಾನು ಆ ಅರ್ಜಿಯ ನೆಪದಿಂದ ಓದಿ ತಿಳಿದುಕೊಂಡ ಸಂಗತಿಗಳನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮಗೆ ಇದು ಬೇಕಾಗದೆ ಇರಲಿ. ನಿಮ್ಮ ನೆರೆಮನೆಯವರಿಗೆ ಬೇಕಾದೀತು.

'ಸಂಬಳ' ಎಂಬ ಮಾತು ಸಂಸ್ಕೃತದ 'ಶಂಬಲ'ದಿಂದ ಬಂದದ್ದು. ಶಂಬಲವೆಂದರೆ ದಾರಿಯ ಬುತ್ತಿ. ದುಡಿಯುವವನು ತಿಂಗಳೆಂಬ ದಾರಿಯನ್ನು ನಡೆಯುವುದು ಈ ಬುತ್ತಿಯ ಬಲದಿಂದಲೇ. ಇದನ್ನು ತಡೆಹಿಡಿಯುವುದು ದೊಡ್ಡ ತಪ್ಪೆಂದು ನಮ್ಮ ಹಿಂದಿನವರೂ ತಿಳಿದಿದ್ದರು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಈ ವಿಚಾರವುಂಟು. ಸಂಬಳ ಕೊಡದವನಿಗೆ ಬಾಕಿಯ ಹತ್ತನೆಯ ಒಂದು ಪಾಲು, ಇಲ್ಲವೆ ಆರು ಪಣ ದಂಡ ಎಂದು ಅಲ್ಲಿ ವಿಧಿಸಿದೆ. ಅದೇ ಗ್ರಂಥದಲ್ಲಿ ಸಾಲದ ಮಾತು ಬಂದಾಗ ವಾಯಿದೆಯೂ ಇದೆ: ಹತ್ತು ವರ್ಷ ಉಪೇಕ್ಷಿಸಿದ ಸಾಲ ವಸೂಲಿಗೆ ಅರ್ಹವಲ್ಲ. ಆದರೆ ಬಾಲಕರು, ವೃದ್ಧರು, ರೋಗಿಗಳು, ಆಪತ್ತಿನಲ್ಲಿರುವವರು, ದೂರ ಪ್ರಯಾಣದಲ್ಲಿರುವವರು ಮೊದಲಾದವರಿಗೆ ವಿನಾಯಿತಿ. ಕೇಳುವವನ ಹಕ್ಕನ್ನು ಒಪ್ಪುವುದು, ಆದರೆ ಕೇಳಲು ಒಂದು ಕಾಲವನ್ನು ಗೊತ್ತುಮಾಡುವುದು, ಇವೆರಡೂ ಹಳೆಯ ನೀತಿಗಳೇ. ಇಂದಿನ ಕಾಯಿದೆಯಲ್ಲಿ ಆ ಕಾಲ ಬಹಳ ಚಿಕ್ಕದಾಗಿದೆ ಎಂಬುದಷ್ಟೇ ವ್ಯತ್ಯಾಸ.

ಮೊದಲನೆಯ ಪ್ರಶ್ನೆ, ಯಾರ ಮೇಲೆ ಕೇಳಬೇಕು? ಫಿಟ್ಟರ್ ಮಹಾಶಯರು 'ಯಜಮಾನರು' ಎಂದರಲ್ಲವೆ, ಕಾಯಿದೆಯ ಕಣ್ಣಿಗೆ ಅಂಥ ಯಜಮಾನರಿಲ್ಲ. ಕಂಪೆನಿಯೇ ಒಬ್ಬ ಬೇರೆ ವ್ಯಕ್ತಿ. ಇಂಗ್ಲೆಂಡಿನಲ್ಲಿ ಬೂಟು ತಯಾರಿಸುತ್ತಿದ್ದ ಸಾಲೊಮನ್ ಎಂಬ ವರ್ತಕ ತನ್ನ ವ್ಯಾಪಾರವನ್ನು ಕಂಪೆನಿಯಾಗಿ ಮಾರ್ಪಡಿಸಿದ. ಷೇರುಗಳೆಲ್ಲ ಹೆಚ್ಚುಕಡಿಮೆ ಅವನವೇ. ಕಂಪೆನಿ ಮುಳುಗಿತು, ಸಾಲಗಾರರು ಅವನ ಮೇಲೆ ಬಿದ್ದರು. ಕಂಪೆನಿ ಬೇರೆ, ಸಾಲೊಮನ್ ಬೇರೆ ಎಂದು 1896ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಪಿತ್ತಿತು. ನಮ್ಮ ದೇಶದ ಕಂಪೆನಿ ಕಾಯಿದೆಯೂ ಅದೇ ತತ್ತ್ವದ ಮೇಲೆ ನಿಂತಿದೆ. ಆದ್ದರಿಂದ ಸಂಬಳದ ಬಾಕಿ ಕಂಪೆನಿಯದು. ಡೈರೆಕ್ಟರರ ಮನೆ, ಕಾರು, ಬ್ಯಾಂಕಿನ ಹಣ ಸಾಮಾನ್ಯವಾಗಿ ಅದಕ್ಕೆ ಹೊಣೆಯಲ್ಲ. ಕೆಲವು ಸಂದರ್ಭಗಳಲ್ಲಿ ಮಾತ್ರ ಅವರ ಬಾಗಿಲನ್ನು ತಟ್ಟಬಹುದು. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಪ್ರಶ್ನೆ, ಎಷ್ಟು ದಿನದೊಳಗೆ? ಕಂಪೆನಿ ಇನ್ನೂ ನಡೆಯುತ್ತಿರುವಾಗಿನ ಲೆಕ್ಕ ಒಂದು, ದಿವಾಳಿಯಾದ ಮೇಲಿನ ಲೆಕ್ಕ ಇನ್ನೊಂದು.

ನಡೆಯುತ್ತಿರುವಾಗ ನೋಡಿರಿ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ ಏಳನೆಯ ತಾರೀಖು ಮುಗಿಯುವುದರೊಳಗೆ ಕೈಸೇರಬೇಕು. ಕೆಲಸದಿಂದ ತೆಗೆದರೆ, ರಾಜೀನಾಮೆ ಕೊಟ್ಟರೆ, ಅಥವಾ ಸಂಸ್ಥೆ ಮುಚ್ಚಿ ಕೆಲಸ ಹೋದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ತೀರಿಸಬೇಕು. ತೀರಿಸದಿದ್ದರೆ ಸರ್ಕಾರ ನೇಮಿಸಿದ ಅಧಿಕಾರಿಯ ಮುಂದೆ ನೀವಾಗಲಿ, ನಿಮ್ಮ ಸಂಘವಾಗಲಿ ಅರ್ಜಿ ಹಾಕಬಹುದು. ಬಾಕಿಯ ಜೊತೆಗೆ ಅದರ ಹತ್ತರಷ್ಟರವರೆಗೆ ಪರಿಹಾರವನ್ನು ಕೊಡಿಸುವ ಅಧಿಕಾರ ಅವರಿಗುಂಟು. ಈ ಅರ್ಜಿಗೆ ವಾಯಿದೆ ಮೂರು ವರ್ಷ. ಹಿಂದಿನ 1936ರ ಕಾಯಿದೆಯಲ್ಲಿ ಹನ್ನೆರಡು ತಿಂಗಳಷ್ಟೇ ಇತ್ತು. ತಡಕ್ಕೆ ತಕ್ಕ ಕಾರಣವಿದ್ದರೆ ಮೂರು ವರ್ಷ ಕಳೆದ ಅರ್ಜಿಯನ್ನೂ ಸ್ವೀಕರಿಸಬಹುದು. ಸಿವಿಲ್ ಕೋರ್ಟಿನಲ್ಲಿ ಸಂಬಳಕ್ಕಾಗಿ ಹಾಕುವ ದಾವೆಗೂ 1963ರ ವಾಯಿದೆ ಕಾಯಿದೆ ಮೂರೇ ವರ್ಷ ಕೊಟ್ಟಿದೆ. ಲೆಕ್ಕ ಆರಂಭವಾಗುವುದು ಸಂಬಳ ಸಲ್ಲಬೇಕಾದ ದಿನದಿಂದ. ಅಂದರೆ ಪ್ರತಿಯೊಂದು ತಿಂಗಳ ಸಂಬಳಕ್ಕೂ ಅದರದೇ ಗಡಿಯಾರ ಓಡುತ್ತಿರುತ್ತದೆ. ನೀವು ಕೆಲಸ ಬಿಟ್ಟ ದಿನದಿಂದ ಎಲ್ಲವೂ ಒಟ್ಟಿಗೆ ಓಡಲಾರಂಭಿಸುವುದಿಲ್ಲ.

ಇಲ್ಲಿ ಒಂದು ಸಣ್ಣ ಉಪಾಯವನ್ನು ನೆನಪಿಡಿ. ವಾಯಿದೆ ಮುಗಿಯುವ ಮೊದಲು ಸಾಲಗಾರ ತನ್ನ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿಕೊಟ್ಟರೆ, ಆ ಸಹಿಯ ದಿನದಿಂದ ಹೊಸ ವಾಯಿದೆ ಹುಟ್ಟುತ್ತದೆ. 'ದೀಪಾವಳಿಗೆ ಕೊಡುತ್ತೇನೆ' ಎಂಬ ಬಾಯಿಮಾತಿಗೆ ಈ ಶಕ್ತಿಯಿಲ್ಲ. 'ಇಂತಿಷ್ಟು ತಿಂಗಳ ಇಂತಿಷ್ಟು ರೂಪಾಯಿ ಬಾಕಿಯಿದೆ' ಎಂಬ ಎರಡು ಸಾಲಿನ ಕಾಗದಕ್ಕೆ ಇದೆ. ಯಜಮಾನರು ನಿಜವಾಗಿ ಒಳ್ಳೆಯವರಾಗಿದ್ದರೆ ಆ ಎರಡು ಸಾಲನ್ನು ಬರೆದುಕೊಡಲು ಹಿಂಜರಿಯಬಾರದು.

ಇನ್ನು ಕಂಪೆನಿ ದಿವಾಳಿಯಾದ ಮೇಲೆ. 2016ರ ದಿವಾಳಿ ಸಂಹಿತೆಯ ಕೆಳಗೆ ನ್ಯಾಯಮಂಡಳಿ ಪ್ರಕರಣವನ್ನು ಅಂಗೀಕರಿಸಿದೊಡನೆ ಕಂಪೆನಿಯ ಮೇಲಿನ ದಾವೆಗಳಿಗೆಲ್ಲ ತಡೆ ಬೀಳುತ್ತದೆ. ಆಡಳಿತ ಡೈರೆಕ್ಟರರ ಕೈತಪ್ಪಿ, ನ್ಯಾಯಮಂಡಳಿ ನೇಮಿಸಿದ ಅಧಿಕಾರಿಯ ಕೈಗೆ ಹೋಗುತ್ತದೆ. ಆ ಅಧಿಕಾರಿ ಇಂಗ್ಲಿಷಿನ ಒಂದು ಪತ್ರಿಕೆಯಲ್ಲೂ ಆ ಪ್ರದೇಶದ ಭಾಷೆಯ ಒಂದು ಪತ್ರಿಕೆಯಲ್ಲೂ ಪ್ರಕಟಣೆ ಕೊಡಬೇಕು. ಅವರು ನೇಮಕವಾದ ದಿನದಿಂದ ಹದಿನಾಲ್ಕು ದಿನಗಳೊಳಗೆ ಬಾಕಿಯುಳ್ಳವರು ತಮ್ಮ ಹಕ್ಕನ್ನು ಸಲ್ಲಿಸಬೇಕು. ಕಾರ್ಮಿಕರಿಗೂ ನೌಕರರಿಗೂ 'ಡಿ' ಎಂಬ ನಮೂನೆ ಇದೆ. ಎಲ್ಲರ ಪರವಾಗಿ ಒಬ್ಬ ಪ್ರತಿನಿಧಿ ಸಲ್ಲಿಸುವುದಾದರೆ 'ಇ' ನಮೂನೆ.

ಹದಿನಾಲ್ಕು ದಿನ! ಕಾರ್ಖಾನೆ ಮುಚ್ಚಿ ಊರಿಗೆ ಹೋಗಿರುವ ಕಾರ್ಮಿಕ ಆ ದಿನದ ಪತ್ರಿಕೆಯ ಮೂಲೆಯಲ್ಲಿನ ಪ್ರಕಟಣೆಯನ್ನು ಓದುವುದು ಉಂಟೆ? ನಮ್ಮ ಫಿಟ್ಟರ್ ಮಹಾಶಯರಿಗೂ ಅದು ಗೊತ್ತಾದದ್ದು ತಡವಾಗಿ. 'ಕೊನೆಯ ತಾರೀಖು' ಎಂದು ಅಚ್ಚಾದದ್ದು ಕಳೆದುಹೋಗಿದೆ ಎಂದು ತಿಳಿದು ಕೈಚೆಲ್ಲಿ ಕುಳಿತಿದ್ದರು. ಆದರೆ ಅದು ಕೊನೆಯ ಬಾಗಿಲಲ್ಲ. ಹದಿನಾಲ್ಕು ದಿನ ತಪ್ಪಿದವರು ಪ್ರಕರಣ ಆರಂಭವಾದ ದಿನದಿಂದ ತೊಂಬತ್ತು ದಿನಗಳವರೆಗೆ ಸಲ್ಲಿಸಬಹುದು. ಕಂಪೆನಿಯನ್ನು ಕೊಳ್ಳುವವರಿಂದ ಯೋಜನೆಗಳನ್ನು ಕರೆಯುವ ದಿನ ಅದಕ್ಕಿಂತ ಮುಂದಿದ್ದರೆ ಆ ದಿನದವರೆಗೂ ಅವಕಾಶವಿದೆ. ಅದರಾಚೆ ಸಿಕ್ಕುವುದು ಅನುಗ್ರಹವೇ ಹೊರತು ಹಕ್ಕಲ್ಲ. ಒಂದು ಬಾರಿ ಹೊಸ ಒಡೆಯನ ಯೋಜನೆಯನ್ನು ನ್ಯಾಯಮಂಡಳಿ ಮಂಜೂರು ಮಾಡಿತೆಂದರೆ, ಅದರಲ್ಲಿ ಸೇರದ ಬಾಕಿಗಳು ಅಳಿದುಹೋದಂತೆಯೇ ಎಂದು ಸರ್ವೋಚ್ಚ ನ್ಯಾಯಾಲಯ 2021ರ ಏಪ್ರಿಲಿನಲ್ಲಿ ಘನಶ್ಯಾಮ ಮಿಶ್ರಾ ಕಂಪೆನಿಯ ಪ್ರಕರಣದಲ್ಲಿ ಹೇಳಿದೆ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಫಲ?

ಕೊಳ್ಳುವವರೇ ಸಿಕ್ಕದಿದ್ದರೆ ಕಂಪೆನಿ ಸಮಾಪನೆಗೆ ಹೋಗುತ್ತದೆ. ಇದ್ದ ಆಸ್ತಿಯನ್ನು ಮಾರಿ ಹಂಚುತ್ತಾರೆ. ಈ ಹಂಚಿಕೆಯ ಸಾಲಿನಲ್ಲಿ ಕಾರ್ಮಿಕರಿಗೆ ಒಳ್ಳೆಯ ಸ್ಥಾನವೇ ಇದೆ. ಪ್ರಕರಣದ ಖರ್ಚು ಕಳೆದ ಮೇಲೆ, ಒತ್ತೆಯನ್ನು ಬಿಟ್ಟುಕೊಟ್ಟ ಬ್ಯಾಂಕುಗಳ ಸರಿಸಮವಾಗಿ ಕಾರ್ಮಿಕರ ಇಪ್ಪತ್ತನಾಲ್ಕು ತಿಂಗಳ ಬಾಕಿ. ಅದರ ಮುಂದಿನ ಸಾಲಿನಲ್ಲಿ ಉಳಿದ ನೌಕರರ ಹನ್ನೆರಡು ತಿಂಗಳ ಬಾಕಿ. ಇದಕ್ಕಿಂತ ಹಳೆಯ ಸಂಬಳ ಸಾಲಿನ ಹಿಂಭಾಗಕ್ಕೆ ಜಾರುತ್ತದೆ. ಅಲ್ಲಿಯವರೆಗೆ ಹಣ ಉಳಿಯುವುದು ಅಪರೂಪ.

ಆದರೆ ಈ ಇಪ್ಪತ್ತನಾಲ್ಕು ತಿಂಗಳನ್ನು ಎಲ್ಲಿಂದ ಎಣಿಸುವುದು? ಸಮಾಪನೆ ಆರಂಭವಾದ ದಿನದಿಂದ ಹಿಂದಕ್ಕೆ. ಇಲ್ಲಿದೆ ತೊಡಕು. ಜೆಟ್ ಏರ್‌ವೇಸ್ ವಿಮಾನಗಳು ಹಾರಾಟ ನಿಲ್ಲಿಸಿದ್ದು 2019ರ ಏಪ್ರಿಲ್ 17ರಂದು. ಮುಂಬಯಿಯ ನ್ಯಾಯಮಂಡಳಿ ಪ್ರಕರಣವನ್ನು ಅಂಗೀಕರಿಸಿದ್ದು ಅದೇ ವರ್ಷದ ಜೂನ್ 20ರಂದು. ಹೊಸ ಒಡೆಯರ ಯೋಜನೆ ಮಂಜೂರಾಗಿಯೂ ಕೈಗೂಡದೆ, ಸರ್ವೋಚ್ಚ ನ್ಯಾಯಾಲಯ ಸಮಾಪನೆಗೆ ಆಜ್ಞೆ ಮಾಡಿದ್ದು 2024ರ ನವೆಂಬರ್ 7ರಂದು. ಅಲ್ಲಿಂದ ಇಪ್ಪತ್ತನಾಲ್ಕು ತಿಂಗಳು ಹಿಂದಕ್ಕೆ ಎಣಿಸಿದರೆ 2022ರ ನವೆಂಬರಿಗೆ ಬಂದು ನಿಲ್ಲುತ್ತೇವೆ. ವಿಮಾನಗಳು ನೆಲಕ್ಕಿಳಿದು ಆಗಲೇ ಮೂರೂವರೆ ವರ್ಷ ಕಳೆದಿತ್ತು. ಕಾಯಿದೆಯ ಮಾತನ್ನು ಅಕ್ಷರಶಃ ಹಿಡಿದರೆ, ನಿಜವಾಗಿ ದುಡಿದು ಬಾಕಿ ಉಳಿದ ತಿಂಗಳುಗಳು ಆ ಕಿಟಕಿಯಿಂದ ಹೊರಗೇ ಉಳಿಯುತ್ತವೆ. ತಡ ಮಾಡಿದವರು ಕಾರ್ಮಿಕರಲ್ಲ. ಆದರೆ ತಡದ ಬೆಲೆ ತೆರುವವರು ಅವರು. ಕಾಯಿದೆ ಮಾಡುವವರು ಯೋಚಿಸಬೇಕಾದ ಮಾತಿದು.

ಸಮಾಧಾನದ ಒಂದು ಸಂಗತಿಯೂ ಅದೇ ಪ್ರಕರಣದಲ್ಲಿದೆ. ಭವಿಷ್ಯನಿಧಿ ಮತ್ತು ಗ್ರಾಚ್ಯುಯಿಟಿ ಹಣವನ್ನು ಸಂಹಿತೆ ಹಂಚಿಕೆಯ ಆಸ್ತಿಯಿಂದ ಹೊರಗಿಟ್ಟಿದೆ. ಆ ಎರಡನ್ನೂ ನೌಕರರಿಗೆ ಪೂರ್ತಿಯಾಗಿ ಸಲ್ಲಿಸಬೇಕೆಂದು ಮೇಲ್ಮನವಿ ನ್ಯಾಯಮಂಡಳಿ 2022ರ ಅಕ್ಟೋಬರಿನಲ್ಲಿ ಹೇಳಿತು; ಸರ್ವೋಚ್ಚ ನ್ಯಾಯಾಲಯ ಮರುವರ್ಷ ಅದನ್ನು ಎತ್ತಿಹಿಡಿಯಿತು.

ಈಗ ಡೈರೆಕ್ಟರರ ಬಾಗಿಲಿಗೆ ಬರೋಣ. ತಟ್ಟಬಹುದಾದ ಬಾಗಿಲುಗಳು ನಾಲ್ಕು.

ಒಂದು, ಚೆಕ್ಕು. ಸಂಬಳದ ಬಾಬ್ತು ಕಂಪೆನಿ ಕೊಟ್ಟ ಚೆಕ್ಕು ಹಣವಿಲ್ಲದೆ ಹಿಂದಿರುಗಿದರೆ, ಸಹಿ ಹಾಕಿದ ಡೈರೆಕ್ಟರರ ಮೇಲೆ ವೈಯಕ್ತಿಕವಾಗಿ ಮೊಕದ್ದಮೆ ಹೂಡಬಹುದು. ಕಂಪೆನಿಗೆ ದಿವಾಳಿಯ ತಡೆಯ ರಕ್ಷಣೆ ಇದ್ದರೂ ಡೈರೆಕ್ಟರರಿಗೆ ಅದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2021ರ ಮಾರ್ಚಿನಲ್ಲಿ ಪಿ. ಮೋಹನರಾಜ್ ಪ್ರಕರಣದಲ್ಲಿ ತೀರ್ಮಾನಿಸಿದೆ. ಆದರೆ ಇಲ್ಲಿಯ ಗಡಿಯಾರ ಬಹಳ ಬಿರುಸು. ಚೆಕ್ಕನ್ನು ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಅದು ಹಿಂದಿರುಗಿತೆಂದು ತಿಳಿದ ಮೂವತ್ತು ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕು. ಹಣ ಕೊಡಲು ಅವರಿಗೆ ಹದಿನೈದು ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ಫಿರ್ಯಾದು. ಫಿರ್ಯಾದು ತಡವಾದರೆ ಕೋರ್ಟು ಮನ್ನಿಸಬಹುದು. ನೋಟೀಸಿನ ಮೂವತ್ತು ದಿನ ತಪ್ಪಿದರೆ ಅದಕ್ಕೆ ಮನ್ನಣೆಯಿಲ್ಲ.

ಎರಡು, ಭವಿಷ್ಯನಿಧಿ. ನಿಮ್ಮ ಸಂಬಳದಲ್ಲಿ ನಿಮ್ಮ ಪಾಲೆಂದು ಮುರಿದುಕೊಂಡ ಹಣವನ್ನು ನಿಧಿಗೆ ಕಟ್ಟದೆ ಉಳಿಸಿಕೊಳ್ಳುವುದು ಬರಿಯ ಬಾಕಿಯಲ್ಲ, ಅದು ನಂಬಿಕೆದ್ರೋಹದ ಅಪರಾಧ. ಆಡಳಿತದ ಹೊಣೆ ಹೊತ್ತವರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ. ನಿಮ್ಮ ಖಾತೆಯ ಪಾಸ್‌ಪುಸ್ತಕವನ್ನು ತಿಂಗಳಿಗೊಮ್ಮೆ ನೋಡುವ ಅಭ್ಯಾಸವಿದ್ದರೆ ಇದು ಬೇಗ ಬೆಳಕಿಗೆ ಬರುತ್ತದೆ.

ಮೂರು, ವೇತನ ಸಂಹಿತೆಯೇ. ಉದ್ಯೋಗದಾತ ಎಂಬ ಮಾತಿನಲ್ಲಿ, ಸಂಸ್ಥೆಯ ವ್ಯವಹಾರದ ಮೇಲೆ ಅಂತಿಮ ಹಿಡಿತವುಳ್ಳವರನ್ನೂ, ಆಡಳಿತ ವಹಿಸಿಕೊಂಡ ಮ್ಯಾನೇಜಿಂಗ್ ಡೈರೆಕ್ಟರರನ್ನೂ ಅದು ಸೇರಿಸಿದೆ. ಕಂಪೆನಿ ತಪ್ಪು ಮಾಡಿದಾಗ, ಡೈರೆಕ್ಟರರ ಸಮ್ಮತಿ ಅಥವಾ ಅಲಕ್ಷ್ಯದಿಂದ ಅದು ನಡೆಯಿತೆಂದು ರುಜುವಾತಾದರೆ ಅವರಿಗೂ ಶಿಕ್ಷೆ. ಹಲಗೆಯ ಮೇಲೆ ಹೆಸರಿರುವ ಡೈರೆಕ್ಟರರೆಲ್ಲರೂ ಸಿಕ್ಕಿಬಿದ್ದರೆಂದು ಇದರ ಅರ್ಥವಲ್ಲ. ಜುಲ್ಮಾನೆಯ ಹಣ ನಿಮ್ಮ ಕೈಗೆ ಬರುವುದೂ ಇಲ್ಲ.

ನಾಲ್ಕು, ವಂಚನೆ. ಸಾಲಗಾರರಿಗೆ ಮೋಸಮಾಡುವ ಉದ್ದೇಶದಿಂದ ವ್ಯಾಪಾರ ನಡೆಸಿದ ಡೈರೆಕ್ಟರರಿಂದ ಕಂಪೆನಿಯ ಬೊಕ್ಕಸಕ್ಕೆ ಹಣ ತುಂಬಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಕಾರ್ಮಿಕ ನೇರವಾಗಿ ಇದನ್ನು ಕೇಳುವಂತಿಲ್ಲ. ದಿವಾಳಿಯ ಅಧಿಕಾರಿಯೇ ಕೇಳಬೇಕು. ಆದರೆ ಯಂತ್ರಗಳನ್ನು ರಾತ್ರೋರಾತ್ರಿ ಲಾರಿಗೆ ಏರಿಸಿದ್ದನ್ನು ಕಂಡವನು ಕಾರ್ಮಿಕ. ಅವನು ಆ ಅಧಿಕಾರಿಗೆ ಲಿಖಿತವಾಗಿ ತಿಳಿಸಬಹುದು, ತಿಳಿಸಬೇಕು. ಇದಕ್ಕೂ ಕಾಲವುಂಟು. ಯಾರಿಗೋ ಪಕ್ಷಪಾತದಿಂದ ಆಸ್ತಿ ದಾಟಿಸಿದ್ದನ್ನು ರದ್ದುಮಾಡಿಸಬೇಕಾದರೆ, ಡೈರೆಕ್ಟರರ ಸಂಬಂಧಿಕರ ವಿಷಯದಲ್ಲಿ ಪ್ರಕರಣ ಆರಂಭವಾಗುವುದಕ್ಕೆ ಹಿಂದಿನ ಎರಡು ವರ್ಷ, ಹೊರಗಿನವರ ವಿಷಯದಲ್ಲಿ ಒಂದು ವರ್ಷ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ಸೂಕ್ಷ್ಮ. ತಡೆ ಇರುವಷ್ಟು ಕಾಲವನ್ನು ವಾಯಿದೆಯ ಲೆಕ್ಕದಿಂದ ಕಳೆಯಬೇಕೆಂದು ದಿವಾಳಿ ಸಂಹಿತೆಯ 60ನೆಯ ಕಲಮು ಹೇಳುತ್ತದೆ. ಆದರೆ ಆ ಮಾತು ಹೇಳಿರುವುದು ಕಂಪೆನಿಯ ದಾವೆಗಳಿಗೆ ಮಾತ್ರ. ಕಂಪೆನಿಯ ಗಡಿಯಾರ ನಿಂತಿತೆಂದು ನೀವು ಕುಳಿತಿರುವಾಗ ಡೈರೆಕ್ಟರರ ಮೇಲಿನ ಗಡಿಯಾರ ಓಡುತ್ತಲೇ ಇರುತ್ತದೆ.

ಡೈರೆಕ್ಟರರನ್ನೇ ಸಂಬಳಕ್ಕೆ ಹೊಣೆ ಮಾಡಿದ ದೇಶಗಳೂ ಇವೆ. ನಮ್ಮ ನಾಡಿನ ಮಕ್ಕಳು ಅನೇಕರು ದುಡಿಯುತ್ತಿರುವ ಕೆನಡಾ ಒಂದು. ಅಲ್ಲಿಯ ಕೇಂದ್ರ ಕಂಪೆನಿ ಕಾಯಿದೆಯ 119ನೆಯ ಕಲಮು, ತಾವು ಅಧಿಕಾರದಲ್ಲಿದ್ದಾಗ ಸಲ್ಲಿಸಿದ ಸೇವೆಗಾಗಿ ಆರು ತಿಂಗಳ ಸಂಬಳದವರೆಗೆ ಡೈರೆಕ್ಟರರೇ ವೈಯಕ್ತಿಕವಾಗಿ ಹೊಣೆಯೆನ್ನುತ್ತದೆ. ಎಂಥ ಒಳ್ಳೆಯ ಕಾಯಿದೆ ಎನ್ನುತ್ತೀರಿ. ಆದರೆ ಷರತ್ತನ್ನೂ ಓದಿ: ಕಂಪೆನಿ ದಿವಾಳಿಯಾದ ಆರು ತಿಂಗಳೊಳಗೆ ಬಾಕಿಯನ್ನು ರುಜುವಾತುಪಡಿಸಬೇಕು; ಡೈರೆಕ್ಟರರ ಮೇಲಿನ ದಾವೆಯನ್ನು ಅವರು ಅಧಿಕಾರದಲ್ಲಿರುವಾಗ, ಇಲ್ಲವೆ ಬಿಟ್ಟ ಎರಡು ವರ್ಷದೊಳಗೆ ಹೂಡಬೇಕು. ನೋಟೀಸಿಲ್ಲದೆ ಕೆಲಸದಿಂದ ತೆಗೆದದ್ದಕ್ಕೆ ಬರಬೇಕಾದ ಪರಿಹಾರ ಇದರಲ್ಲಿ ಸೇರದೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ತೀರ್ಪಿತ್ತಿದೆ. ಡೈರೆಕ್ಟರರೂ ಬರಿಗೈಯಾದರೆ? ಅದಕ್ಕಾಗಿ 2008ರಿಂದ ಸರ್ಕಾರವೇ ಒಂದು ಮಿತಿಯವರೆಗೆ ಬಾಕಿ ಸಂಬಳ ಕೊಡುವ ಏರ್ಪಾಡಿದೆ. ಅದಕ್ಕೆ ಅರ್ಜಿಯ ಅವಧಿ ಐವತ್ತಾರು ದಿನ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಷೇರುಪೇಟೆಯಲ್ಲಿಲ್ಲದ ಕಂಪೆನಿಗಳ ಹತ್ತು ಮಂದಿ ದೊಡ್ಡ ಷೇರುದಾರರೇ ಸಂಬಳಕ್ಕೆ ಹೊಣೆ. ಆದರೆ ಕೆಲಸ ಬಿಟ್ಟ ನೂರ ಎಂಬತ್ತು ದಿನಗಳೊಳಗೆ ಅವರಿಗೆ ಲಿಖಿತ ನೋಟೀಸು ಮುಟ್ಟಿರಬೇಕು.

ಇದರಿಂದ ಏನು ಕಾಣುತ್ತದೆ? ಬಾಗಿಲು ಹೆಚ್ಚು ತೆರೆದಿಟ್ಟ ಕಡೆಯಲ್ಲೂ ಅದನ್ನು ಬಹಳ ಹೊತ್ತು ತೆರೆದಿಡುವುದಿಲ್ಲ. ಅದಕ್ಕೆ ನ್ಯಾಯವಾದ ಕಾರಣವೂ ಉಂಟು: ಎಂದೋ ಬಿಟ್ಟುಹೋದ ಕಂಪೆನಿಯ ಸಾಲಕ್ಕೆ ಮನುಷ್ಯನನ್ನು ಜೀವಮಾನವೆಲ್ಲ ಹೊಣೆ ಮಾಡಲಾಗದು. ಆದರೆ ಕಾಯಿದೆಯ ದಿನಗಳನ್ನು ಎಣಿಸಲು ಡೈರೆಕ್ಟರರಿಗೆ ವಕೀಲರಿದ್ದಾರೆ. ದುಡಿಯುವವನು ಎಣಿಸುವುದು ಅಕ್ಕಿಯಂಗಡಿಯ ಬಾಕಿಯನ್ನು, ಮಕ್ಕಳ ಫೀಸಿನ ತಾರೀಖನ್ನು. ಅವನಿಗೆ ಈ ಇನ್ನೊಂದು ಎಣಿಕೆಯನ್ನು ಯಾರಾದರೂ ಹೇಳಿಕೊಡಬೇಕು. ಕಾರ್ಮಿಕ ಸಂಘಗಳೂ, ಗ್ರಂಥಾಲಯಗಳೂ, ನಮ್ಮಂಥ ಮೇಷ್ಟರುಗಳೂ ಮಾಡಬಹುದಾದ ಕೆಲಸವಿದು.

ನೀವು ಮಾಡಬೇಕಾದದ್ದು ಹೆಚ್ಚೇನಲ್ಲ. ನೇಮಕದ ಪತ್ರ, ಸಂಬಳದ ಚೀಟಿಗಳು, ಹಾಜರಿ ಕಾರ್ಡು, ಬ್ಯಾಂಕಿನ ಪಾಸ್‌ಪುಸ್ತಕ, ಇವನ್ನು ಮನೆಯಲ್ಲಿ ಜೋಪಾನವಾಗಿಡಿ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಒಳಗಿನ ಕಾಗದ ನಿಮಗೆ ಸಿಕ್ಕುವುದಿಲ್ಲ. ಎರಡು ತಿಂಗಳ ಸಂಬಳ ತಪ್ಪಿದರೆ ಬಾಕಿಯನ್ನು ಬರಹದಲ್ಲಿ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ. ಕಳುಹಿಸುವ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀತಿಯನ್ನು ಇಟ್ಟುಕೊಳ್ಳಿ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಪ್ರತಿಯೊಂದು ಜಿಲ್ಲೆಯಲ್ಲೂ ಇದೆ. ಆದಾಯದ ಮಿತಿಯೊಳಗಿನವರಿಗೆ ಅಲ್ಲಿ ವಕೀಲರ ನೆರವು ಉಚಿತ. ಕಾರ್ಖಾನೆಯ ಕಾರ್ಮಿಕರಿಗೂ ಹೆಣ್ಣುಮಕ್ಕಳಿಗೂ ಆ ಮಿತಿಯೂ ಇಲ್ಲ.

ಆ ಸಂಜೆ ನಾನು ಮನಸ್ಸು ಕರಗಿಸುವ ಅರ್ಜಿಯನ್ನು ಬರೆಯಲಿಲ್ಲ. ಇಬ್ಬರೂ ಕುಳಿತು 'ಡಿ' ನಮೂನೆಯನ್ನು ತುಂಬಿದೆವು. ತಿಂಗಳು ತಿಂಗಳಿಗೆ ಇಷ್ಟಿಷ್ಟು ಎಂದು ಹನ್ನೊಂದು ಸಾಲು. ಅವರ ಸಹಿಗೆ ಅಂದು ಹಿಡಿದ ಹೊತ್ತು ಹೆಚ್ಚು, ಕೈ ನಡುಗುತ್ತಿತ್ತು. ಅರುವತ್ತಾರನೆಯ ದಿನ ಅದು ಅಧಿಕಾರಿಯ ಕಚೇರಿಗೆ ಮುಟ್ಟಿತು. ಸ್ವಲ್ಪ ದಿನಗಳ ಮೇಲೆ ಒಪ್ಪಿಗೆಯಾದ ಪಟ್ಟಿಯಲ್ಲಿ ಅವರ ಹೆಸರು ಬಂತು. ಹಣ ಇನ್ನೂ ಬಂದಿಲ್ಲ. ಎಷ್ಟು ಬಂದೀತೆಂದು ಹೇಳುವಂತೆಯೂ ಇಲ್ಲ.

ಚೀಲದ ತಳದಲ್ಲಿ ಒಂದು ಚೆಕ್ಕು ಸಿಕ್ಕಿತ್ತು. ಎರಡು ತಿಂಗಳ ಸಂಬಳ, ಡೈರೆಕ್ಟರರ ಸಹಿ. ಬ್ಯಾಂಕಿನಿಂದ ಹಿಂದಿರುಗಿ ಐದು ತಿಂಗಳಾಗಿತ್ತು. "ಇದನ್ನೂ ಸೇರಿಸಿ ಮೇಷ್ಟ್ರೇ" ಎಂದರು. ಆ ಮೊತ್ತವನ್ನು ಕಂಪೆನಿಯ ಬಾಕಿಯಲ್ಲಿ ಸೇರಿಸಿದ್ದಾಯಿತು. ಆದರೆ ಸಹಿ ಹಾಕಿದವರನ್ನು ಕೋರ್ಟಿನಲ್ಲಿ ನಿಲ್ಲಿಸಿ ಕೇಳಬಹುದಾಗಿದ್ದ ಮೂವತ್ತು ದಿನ ಎಂದೋ ಕಳೆದಿತ್ತು. ಒಳ್ಳೆಯ ಯಜಮಾನರ ಮುಖ ನೋಡಿ ಅವರು ನೋಟೀಸು ಕೊಟ್ಟಿರಲಿಲ್ಲ. ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಇಲ್ಲಿ ನಾಳೆ ಎಂದವರೊಬ್ಬರು, ಹಾಳಾದ ಮನೆ ಇನ್ನೊಬ್ಬರದು. ನಿಮ್ಮ ಪರಿಚಯದಲ್ಲಿ ಯಾರಿಗಾದರೂ ಇಂಥ 'ನಾಳೆ'ಯ ಮಾತು ಸಿಕ್ಕಿದ್ದರೆ, ದಯವಿಟ್ಟು ಇಂದೇ ಅವರಿಗೆ ದಿನಾಂಕವನ್ನು ನೋಡಲು ಹೇಳಿ.